ಮೂರು ದಿನದ ದೂರ

ಸೇತು ಮಾಮಾ,

‘ತೀರ್ಥರೂಪ ಸಮಾನರಾದ’ ಎಂದು ಶುರುಮಾಡೋಣವೆಂದು ಪೆನ್ನು ಹಿಡಿದೆ, ಕೈ ಏಳಲಿಲ್ಲ. ನೀವಿರುವ ಕಡೆಗೆ ಟಪಾಲು ಹೋಗುವುದಿಲ್ಲವೆಂದು ನನಗೂ ಗೊತ್ತು. ಆದರೂ ನಿಮ್ಮ ಹತ್ತಿರವೇ ಆಡಬೇಕಾದ ಜಗಳ ಒಂದಿದೆ. ಬೇರೆ ಯಾರ ಹತ್ತಿರ ಆಡಿದರೂ ಅದು ಚಾಡಿಯಾಗುತ್ತದೆ. ನೀವು ಹೋಗಿ ಎರಡು ವರ್ಷವಾಗುತ್ತ ಬಂತು. ನಿಮ್ಮನ್ನು ನೆನೆದು ಹೆಚ್ಚು ಅತ್ತವಳು ನಾನೇ, ಅಮ್ಮನಿಗಿಂತ, ಮಾಮಿಗಿಂತ ಹೆಚ್ಚು. ಮೊನ್ನೆ ಭಾನುವಾರದಿಂದ ಆ ಅಳುವನ್ನೆಲ್ಲ ವಾಪಸ್ ಕೇಳಬೇಕೆನಿಸುತ್ತಿದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ವಡಪಳನಿಯ ನಿಮ್ಮ ಮನೆಗೆ ಬಂದಿಳಿದ ದಿನ ನೆನಪಿದೆಯಾ? ನನಗೆ ಕಾಲೇಜು ಸೇರುವ ವಯಸ್ಸು. ಆಟೋದಿಂದ ಟ್ರಂಕು ಇಳಿಸಿ, ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದರೆ ತಗಡಿನ ಶೆಡ್ಡಿನೊಳಗೆ ಸಾಲಾಗಿ ಹುಲ್ಲು ಕತ್ತರಿಸುವ ಮೆಷಿನ್ನುಗಳು. ಕೈಯಲ್ಲಿ ತಳ್ಳುವವು, ಹಗ್ಗ ಎಳೆದು ಶುರುಮಾಡುವವು, ಹಿಡಿ ಮುರಿದವು, ಚಕ್ರ ಕಳೆದುಕೊಂಡವು. ಅವುಗಳ ಸಂದಿಯಲ್ಲಿ ಸೀಮೆಎಣ್ಣೆಯ ಜನರೇಟರುಗಳು, ಗಿಡಕ್ಕೆ ಔಷಧಿ ಹೊಡೆಯುವ ಪುಟ್ಟ ಎಂಜಿನ್ನುಗಳು. ಹುಲ್ಲು ಎಂಬುದು ಮಾತ್ರ ಇಡೀ ಮನೆಯಲ್ಲಿ ಒಂದೆಳೆ ಇರಲಿಲ್ಲ. ಸಿಮೆಂಟಿನ ಅಂಗಳ, ತುಳಸಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಅಷ್ಟೇ. ‘ಹುಲ್ಲೆಲ್ಲಿದೆ ಮಾಮಾ?’ ಎಂದು ಕೇಳಿದೆ. ನೀವು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಮಾಮಿ, ‘ಇವರ ತಲೇಲಿ ಬೆಳೀತಾ ಇದೆ ಕಣೆ, ದಿನಾ ಕತ್ತರಿಸಿದ್ರೂ ತೀರಲ್ಲ’ ಎಂದರು. ಅಪ್ಪ ಹೋದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಅವತ್ತೇ.

ವಡಪಳನಿಯ ಸಿನಿಮಾ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚಿ ಫ್ಲ್ಯಾಟುಗಳಾಗುತ್ತಿದ್ದ ಕಾಲ ಅದು. ಹಾಡಿನ ಶೂಟಿಂಗಿಗೆಂದು ಬೆಳೆಸಿದ್ದ ಲಾನುಗಳನ್ನು ಅಗೆಯುತ್ತಿದ್ದರು. ಲಾನಿನ ಮೆಷಿನ್ನು ಕಬ್ಬಿಣದ ತೂಕಕ್ಕೆ ಹೋಗುವ ಮೊದಲು ನೀವು ಅಲ್ಲಿ ಹೋಗಿ ನಿಂತಿರುತ್ತಿದ್ದಿರಿ. ಬೆಸೆಂಟ್ ನಗರದ ಬಂಗಲೆಗಳವರೂ ಉಪ್ಪುಗಾಳಿಗೆ ತುಕ್ಕು ಹಿಡಿದ ಎಂಜಿನ್ನನ್ನು ‘ಸೇತುಮಾಧವ ರಾಯರಿಗೆ ಕೊಟ್ಟರೆ ಆಯಿತು’ ಎಂದು ಕಳಿಸುತ್ತಿದ್ದರು. ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಇಡೀ ದಿನ ಕೂತು ಬಂದು, ಶರ್ಟು ಬಿಚ್ಚಿ, ಪಂಚೆ ಎತ್ತಿ ಕಟ್ಟಿ ನೀವು ಶೆಡ್ಡಿಗೆ ಹೊಕ್ಕರೆ ಮುಗಿಯಿತು. ಬೆಳಗ್ಗೆ ಹಣೆಗಿಟ್ಟ ಅಂಗಾರ ಅಕ್ಷತೆ ಬೆವರಿನಲ್ಲಿ ಮೂಗಿನವರೆಗೆ ಇಳಿದರೂ ನಿಮಗೆ ಗೊತ್ತಾಗುತ್ತಿರಲಿಲ್ಲ.

ನಾನು ಮೊದಲ ಸಲ ಸ್ಪ್ಯಾನರ್ ಹಿಡಿದದ್ದು ಮಾಮಿಯ ಮಡಿಯ ದಯೆಯಿಂದ. ತಿಂಗಳ ಆ ಮೂರು ದಿನ ನಾನು ಅಡುಗೆಮನೆಗೆ ಕಾಲಿಡುವಂತಿರಲಿಲ್ಲ, ದೇವರಮನೆಯ ಕಡೆ ನೋಡುವಂತಿರಲಿಲ್ಲ. ಬಂದವರೆದುರು ಸುಳಿಯುವಂತಿರಲಿಲ್ಲ. ನನ್ನ ತಟ್ಟೆ, ಲೋಟ, ಚಾಪೆ ಎಲ್ಲ ಹಿತ್ತಿಲ ಜಗುಲಿಯಲ್ಲಿ. ಮುಖ ಊದಿಸಿಕೊಂಡು ಕೂತಿದ್ದವಳನ್ನು ನೋಡಿ ನೀವು, ‘ಚುಮ್ಮಾ ಯಾಕೆ ಕೂತಿದೀಯ ವಸು, ಬಾ, ಈ ಪ್ಲಗ್ಗು ಕ್ಲೀನ್ ಮಾಡು. ಕಬ್ಬಿಣಕ್ಕೆ ಮೈಲಿಗೆ ಇಲ್ಲ’ ಎಂದಿರಿ. ಮಾಮಿ ಕೇಳಿಸಿಕೊಂಡೂ ಸುಮ್ಮನಿದ್ದರು. ಆಮೇಲೆ ಆ ಮೂರು ದಿನ ಯಾವಾಗ ಬರುತ್ತದೋ ಎಂದು ಕಾಯುವಂತಾಯಿತು. ಜಗತ್ತಿನಲ್ಲಿ ಯಾವ ಹುಡುಗಿ ಹಾಗೆ ಕಾದಿರುತ್ತಾಳೆ, ಹೇಳಿ?

ನಿಮ್ಮ ಕೆಲಸದ ರೀತಿಯೇ ಒಂದು ತರಹ. ಎಂಜಿನ್ನಿನ ಕೀಲುಗಳ ನಡುವೆ ಕೂರಿಸುವ ಗ್ಯಾಸ್ಕೆಟ್ಟನ್ನು ನೀವು ಅಂಗಡಿಯಿಂದ ತಂದದ್ದೇ ಇಲ್ಲ. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಎಣ್ಣೆಯಲ್ಲಿ ನೆನೆಸಿ, ಅಳತೆಗೆ ಕತ್ತರಿಸಿ ಕೂರಿಸುತ್ತಿದ್ದಿರಿ. ಬಂಧುಗಳಲ್ಲಿ ಯಾರ ಮದುವೆ ಎಂದರೂ ಮೊದಲು ಕಾಗದದ ದಪ್ಪ ನೋಡುತ್ತಿದ್ದಿರಿ. ಮುಂದೆ ನನ್ನ ಮದುವೆಯ ಪತ್ರಿಕೆ ಅಚ್ಚಾಗಿ ಬಂದಾಗಲೂ, ಎಲ್ಲರೂ ಗಣಪತಿಯ ಚಿತ್ರ ನೋಡುತ್ತಿದ್ದರೆ ನೀವು ಬೆರಳಲ್ಲಿ ಉಜ್ಜಿ ನೋಡಿ, ‘ಕಾರ್ಬುರೇಟರಿಗೆ ಪಸಂದಾಗತ್ತೆ’ ಎಂದಿರಿ. ನಾನು ನಕ್ಕು ನಕ್ಕು ಸುಸ್ತಾಗಿದ್ದೆ. ನಿಮ್ಮ ಮೇಲೆ ನನಗೆ ಎಂಥ ಪ್ರೀತಿ ಇತ್ತು ಎಂಬುದನ್ನು ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಆ ದೊಡ್ಡ ಮೆಷಿನ್ನು ಒಂದು ಮಧ್ಯಾಹ್ನ ಮೀನಿನ ಗಾಡಿಯಲ್ಲಿ ಬಂದಿತ್ತು, ಮಾಮಿ ಬಾಗಿಲಿನಿಂದ ಶೆಡ್ಡಿನವರೆಗೆ ನೀರು ಹಾಕಿ ತೊಳೆಸಿದ್ದರು. ಬ್ರಿಟಿಷರ ಕಾಲದ್ದು. ಮುಂದೆ ಉರುಳೆ, ಉರುಳೆಯ ಸುತ್ತ ಬಾಗಿದ ಬ್ಲೇಡುಗಳು, ಕೆಳಗೆ ಅಲುಗಾಡದ ಇನ್ನೊಂದು ಬ್ಲೇಡು, ಹಿಂದೆ ಎಂಜಿನ್ನು. ಪಿಸ್ಟನ್ ಒಳಗೇ ಕಚ್ಚಿಕೊಂಡಿತ್ತು. ನೀವು ನೋಡಿದಿರಿ, ತಟ್ಟಿದಿರಿ, ಕೈಬಿಟ್ಟಿರಿ. ಆಗಲೇ ನಿಮ್ಮ ಕೈ ನಡುಗಲು ಶುರುವಾಗಿತ್ತು. ಲೋಟ ಹಿಡಿದರೆ ಕಾಣುತ್ತಿರಲಿಲ್ಲ, ಸಣ್ಣ ಸ್ಕ್ರೂ ಹಿಡಿದರೆ ಕಾಣುತ್ತಿತ್ತು. ಪ್ಲಗ್ಗಿನ ತೂತಿನಲ್ಲಿ ಹರಳೆಣ್ಣೆ, ಸೀಮೆಎಣ್ಣೆ ಬೆರೆಸಿ ಹುಯ್ದು, ವಾರಗಟ್ಟಲೆ ಕಾದು, ಮರದ ತುಂಡಿಟ್ಟು ಸ್ವಲ್ಪ ಸ್ವಲ್ಪವೇ ತಟ್ಟಿ ಆ ಪಿಸ್ಟನ್ ಬಿಡಿಸಿದ್ದು ಯಾರು? ಅದಕ್ಕೆ ಹೊಂದುವ ರಿಂಗು ಸಿಗದೆ, ರಾಯಪುರಂ ಕಡಲತೀರದ ದೋಣಿ ಎಂಜಿನ್ನಿನ ಅಂಗಡಿಗಳಲ್ಲಿ ಮೀನಿನ ನಾತದ ನಡುವೆ ಹುಡುಕಿ ತಂದು, ಅರದಿಂದ ಉಜ್ಜಿ ಅಳತೆಗೆ ತಂದದ್ದು ಯಾರು? ನೀವು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತಿದ್ದಿರಿ. ಅದೂ ಒಂದು ಸಹಾಯವೇ, ಇಲ್ಲ ಎನ್ನುವುದಿಲ್ಲ.

ಬ್ಲೇಡು ಕೂರಿಸುವುದು ಕೊನೆಯ ಕೆಲಸ. ಉರುಳೆಗೂ ಕೆಳಗಿನ ಬ್ಲೇಡಿಗೂ ನಡುವೆ ಕಾಗದ ಇಟ್ಟು ಕೈಯಲ್ಲಿ ತಿರುಗಿಸಿದರೆ ಈ ತುದಿಯಿಂದ ಆ ತುದಿಯವರೆಗೆ ಕತ್ತರಿಯಲ್ಲಿ ಕತ್ತರಿಸಿದಂತೆ ಸೀಳಬೇಕು. ಒಂದು ಕಡೆ ಜಗಿದರೂ ಲಾನಿನ ಮೇಲೆ ಗೀಟು ಬೀಳುತ್ತದೆ. ಅದಕ್ಕೆ ತೆಳು ಕಾಗದ ಬೇಕೆಂದು ನೀವು ಹಳೆಯ ವರ್ಷದ ಪಂಚಾಂಗವನ್ನು ತಂದು ಹರಿದು ಕೊಟ್ಟಿರಿ. ಮಾಮಿ ಕೂಗಾಡಿದರು. ‘ಮುಗಿದುಹೋದ ಏಕಾದಶಿ ಕಣೆ, ಅದಕ್ಕಿನ್ನೇನು ಪುಣ್ಯ’ ಎಂದು ನೀವು ಗದರಿದಿರಿ. ನಾನು ತಿಥಿ, ವಾರ, ನಕ್ಷತ್ರಗಳನ್ನೆಲ್ಲ ಸೀಳುತ್ತ ಸಂಜೆಗಳನ್ನು ಕಳೆದೆ. ಕೊನೆಗೊಮ್ಮೆ ಇಡೀ ಆಷಾಢ ಮಾಸ ಒಂದೇ ಗೀಟಿನಲ್ಲಿ ಎರಡಾಗಿ ಬಿತ್ತು. ನೀವು ಎದ್ದು ನಿಂತು ನನ್ನ ತಲೆಯ ಮೇಲೆ ಕೈಯಿಟ್ಟಿರಿ.

ಬೆಸೆಂಟ್ ನಗರದ ಬಂಗಲೆಯೊಂದರ ಲಾನಿನಲ್ಲಿ ಅದನ್ನು ಓಡಿಸಿ ನೋಡಿದೆವು. ಓಡಿಸಿದ್ದು ನೀವು, ಎಣ್ಣೆಯ ಡಬ್ಬ ಹಿಡಿದು ಹಿಂದೆ ನಡೆದದ್ದು ನಾನು. ಹುಡುಗಿಯೊಬ್ಬಳು ಹಗ್ಗ ಎಳೆದು ಎಂಜಿನ್ನು ಶುರುಮಾಡಿದರೆ ನೋಡಿದವರು ಏನನ್ನುತ್ತಾರೆ ಎಂದು ಅಮ್ಮ ಹೊರಡುವ ಮೊದಲೇ ಹೇಳಿ ಕಳಿಸಿದ್ದಳು. ನಾವು ನಿಮ್ಮ ಮನೆಯಲ್ಲಿ ಇದ್ದೀವಿ ಎಂಬುದನ್ನು ಅಮ್ಮ ಒಂದು ದಿನವೂ ಮರೆತವಳಲ್ಲ, ನನಗೆ ಮರೆಯಲು ಬಿಟ್ಟವಳೂ ಅಲ್ಲ. ಆದರೂ ಹುಲ್ಲು ಕಂಬಳಿ ಹಾಸಿದಂತೆ ಕೂತಾಗ… ಅದನ್ನು ಏನೆಂದು ಬರೆಯಲಿ?

ಅದಾದ ಮೇಲೆ ಒಂದು ಮಧ್ಯಾಹ್ನ ಝೇವಿಯರ್ ಬಂದರು. ರಾಯಪುರಂನವರು, ಕ್ಲಬ್ಬುಗಳ, ಹೋಟೆಲುಗಳ ಲಾನ್ ಮೆಷಿನ್ನು ರಿಪೇರಿಯ ವರ್ಕ್‌ಶಾಪ್ ಇಟ್ಟವರು. ಬಂಗಲೆಯ ಲಾನು ನೋಡಿ ವಿಳಾಸ ಕೇಳಿಕೊಂಡು ಬಂದಿದ್ದರು. ಅವತ್ತು ನಾನು ಹಿತ್ತಿಲ ಜಗುಲಿಯವಳು, ಎರಡನೇ ದಿನ. ಅವರ ಮುಖ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಬ್ಲೇಡು ಕೂರಿಸಿದ್ದು ಯಾರು ಎಂದು ತಮಿಳಿನಲ್ಲಿ ಕೇಳಿದರು. ನೀವು ಒಂದು ಕ್ಷಣವೂ ತಡಮಾಡದೆ, ‘ಎನ್ ತಂಗಚ್ಚಿ ಪೊಣ್ಣು’ ಎಂದಿರಿ. ನನ್ನ ತಂಗಿಯ ಮಗಳು! ಹಿತ್ತಿಲಲ್ಲಿ ಕೂತು ನಾನು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡೆ. ಹೊರಗಿನವರ ಮುಂದೆ ನೀವು ಕೆಲಸ ನನ್ನದೆಂದು ಹೇಳಿದ್ದು ಅದೊಂದೇ ಸಲ, ಮಾಮಾ.

ಅವಳನ್ನು ನೋಡಬಹುದೇ ಎಂದು ಅವರು ಕೇಳಿದರು. ನೀವು ಸ್ವಲ್ಪ ಎಳೆದು, ‘ಅವ… ದೂರಂ’ ಎಂದಿರಿ. ನಮ್ಮ ಮನೆಗಳಲ್ಲಿ ಆ ದಿನಗಳಿಗೆ ಕನ್ನಡದಲ್ಲಿ ‘ಹೊರಗೆ’ ಎನ್ನುತ್ತೇವೆ, ತಮಿಳರ ಹತ್ತಿರ ‘ದೂರಂ’ ಎನ್ನುತ್ತೇವೆ. ಆ ಕ್ರೈಸ್ತ ಮನುಷ್ಯನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ‘ಎವ್ಳೋ ದೂರಂ ಸಾರ್?’ ಎಷ್ಟು ದೂರ ಎಂದು ಕೇಳಿದರು. ನೀವು ಅಷ್ಟೇ ಗಂಭೀರವಾಗಿ, ‘ಮೂಣು ನಾಳ್’ ಎಂದಿರಿ. ಮೂರು ದಿನ. ‘ಅಡೇಯಪ್ಪಾ! ಟ್ರೈನ್ಲಯಾ?’ ರೈಲಿನಲ್ಲಾ ಎಂದರು ಅವರು.

ಅವರು ಹೋದ ಮೇಲೆ ನಾವೆಲ್ಲ ನಕ್ಕ ನಗು! ಅಮ್ಮನೂ ನಕ್ಕಳು. ಆಮೇಲೆ ಆ ಕಥೆ ನಮ್ಮ ಬಂಧುಗಳ ಪ್ರತಿ ಮದುವೆ, ಪ್ರತಿ ನಾಮಕರಣದಲ್ಲೂ ನಡೆಯಿತು. ನಾನು ಹೊರಗಾದಾಗಲೆಲ್ಲ ನೀವು ‘ಏನೇ, ಕಾಶ್ಮೀರದಲ್ಲಿ ಚಳಿಯಾ?’ ಎನ್ನುತ್ತಿದ್ದಿರಿ. ಝೇವಿಯರ್ ಮತ್ತೆ ಬರುತ್ತಾರೆಂದು ನಾನು ಕಾದೆ. ಬರಲಿಲ್ಲ ಎಂದುಕೊಂಡೆ. ಅಷ್ಟು ದೂರದವಳನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂದು ನಾನೇ ಜೋಕಿಗೆ ಬಾಲ ಸೇರಿಸಿ ಹೇಳುತ್ತಿದ್ದೆ. ಕೆಲವು ತಿಂಗಳಾದ ಮೇಲೆ ನೀವೇ ಓಡಾಡಿ ಟಿ. ನಗರದ ಆಡಿಟರ್ ಆಫೀಸಿನಲ್ಲಿ ನನ್ನನ್ನು ಕೂರಿಸಿದಿರಿ. ‘ಹೆಣ್ಣು ಮಗು, ಫ್ಯಾನ್ ಕೆಳಗಿನ ಕೆಲಸ, ಭಾನುವಾರ ರಜ’ ಎಂದಿರಿ. ಆ ಭಾನುವಾರಗಳೆಲ್ಲ ನಿಮ್ಮ ಶೆಡ್ಡಿಗೆ ಸೇರಿದವು. ಮದುವೆಯಾಗಿ ವೇಳಚೇರಿಗೆ ಹೋದ ಮೇಲೂ ಬಸ್ಸು ಬದಲಿಸಿ ಬರುತ್ತಿದ್ದೆ. ನಿಮ್ಮ ಕೈ ಪೂರ್ತಿ ನಿಂತುಹೋದ ಮೇಲೆ ನೀವು ಬರೀ ಹೇಳುತ್ತಿದ್ದಿರಿ, ನಾನು ಮಾಡುತ್ತಿದ್ದೆ. ರಾಯರ ಶೆಡ್ಡು, ರಾಯರ ಕೈಗುಣ ಎಂದೇ ಬೆಸೆಂಟ್ ನಗರದಲ್ಲಿ ಕೊನೆಯವರೆಗೂ ಹೆಸರಿತ್ತು.

ಮೊನ್ನೆ ಭಾನುವಾರದ ವಿಷಯಕ್ಕೆ ಬರುತ್ತೇನೆ. ಮನೆ ಒಡೆದು ಫ್ಲ್ಯಾಟು ಕಟ್ಟುತ್ತಾರೆ, ಮಾಮಿಗೆ ಅದರಲ್ಲೇ ಒಂದು. ಶೆಡ್ಡು ಖಾಲಿ ಮಾಡಬೇಕಿತ್ತು. ಹಳೆಯ ಎಂಜಿನ್ನು ಕೊಳ್ಳುವವರು ಯಾರಾದರೂ ಇದ್ದಾರಾ ಎಂದು ಅಲ್ಲಿ ಇಲ್ಲಿ ಹೇಳಿದ್ದೆ. ಕೋಲು ಹಿಡಿದ ಮುದುಕರೊಬ್ಬರು ಬಂದರು. ಶೆಡ್ಡಿನೊಳಗೆ ಬಂದವರೇ ಆ ದೊಡ್ಡ ಮೆಷಿನ್ನಿನ ಮುಂದೆ ನಿಂತರು. ‘ರಾಯರಿಗೆ ತಂಗಿ ಮಗಳೊಬ್ಬಳಿದ್ದಳು, ಇದನ್ನು ಸರಿಮಾಡಿದವಳು. ಅವಳು ಕಡೆಗೂ ಊರಿಗೆ ಬಂದಳಾ?’ ಎಂದು ತಮಿಳಿನಲ್ಲಿ ಕೇಳಿದರು.

ಆ ದನಿ ಝೇವಿಯರ್ ಅವರದೆಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ‘ನಾಂದಾನ್ ಸಾರ್’ ಎಂದೆ. ನಾನೇ. ಅವರು ನನ್ನ ಕೈ ನೋಡಿದರು, ಆಡಿಟರ್ ಆಫೀಸಿನ ಬೆಳ್ಳಗಿನ ಕೈ. ನಂಬಲಿಲ್ಲ, ಮರ್ಯಾದೆಗೆ ನಕ್ಕರು. ಆಗ ನನಗೆ ಹುಮ್ಮಸ್ಸು ಬಂತು. ಇಷ್ಟು ವರ್ಷ ಎಲ್ಲರಿಗೂ ಹೇಳಿದ ಕಥೆಯನ್ನು ಆ ಕಥೆಯ ಮನುಷ್ಯನಿಗೇ ಹೇಳುವ ಯೋಗ! ದೂರಂ ಎಂದರೆ ಏನೆಂದು, ಮೂರು ದಿನ ಎಂದರೆ ಏನೆಂದು, ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಒಬ್ಬ ಪರ ಗಂಡಸಿಗೆ ನಿಂತು ಬಿಡಿಸಿ ಹೇಳಿದೆ. ಅವರು ಮೊದಲು ನಾಚಿದರು, ಆಮೇಲೆ ಹಣೆ ಚಚ್ಚಿಕೊಂಡು ಕೋಲು ಬೀಳುವಷ್ಟು ನಕ್ಕರು. ನಗುತ್ತಿದ್ದವರು ತಟ್ಟನೆ ನಿಲ್ಲಿಸಿದರು.

‘ಆದರೆ ಎರಡನೇ ಸಲ ಬಂದಾಗಲೂ ಅದನ್ನೇ ಹೇಳಿದರಲ್ಲಾ?’ ಎಂದರು.

ಯಾವ ಎರಡನೇ ಸಲ, ಮಾಮಾ? ಹಳೆಯ ಮಹಾಬಲಿಪುರದ ರಸ್ತೆಯಲ್ಲಿ ಕಂಪ್ಯೂಟರ್ ಕಂಪನಿಗಳು ಏಳುತ್ತಿದ್ದ ಸಮಯವಂತೆ. ಕಟ್ಟಡಕ್ಕೊಂದು ಲಾನು, ಲಾನಿಗೊಂದು ಮೆಷಿನ್ನು, ಎಲ್ಲದರ ಕೆಲಸವೂ ಅವರಿಗೇ ಸಿಕ್ಕಿತ್ತಂತೆ. ವರ್ಕ್‌ಶಾಪಿನಲ್ಲಿ ಬ್ಲೇಡಿನ ಕೆಲಸವನ್ನು ಪೂರ್ತಿ ನನಗೆ ಒಪ್ಪಿಸಬೇಕು, ನಾಲ್ಕು ಜನಕ್ಕೆ ಕಲಿಸಲಿ ಎಂದು ಕೇಳಲು ಬಂದಿದ್ದರಂತೆ. ನಿಮ್ಮ ನಡುಮನೆಯಲ್ಲಿ ಕೂತು, ತಂಗಿ ಮಗಳು ಬಂದಳಾ ಸಾರ್ ಎಂದು ಕೇಳಿದರಂತೆ. ನೀವು ‘ಇನ್ನುಂ ದೂರಂದಾನ್’ ಎಂದಿರಂತೆ. ಇನ್ನೂ ದೂರವೇ.

‘ಒಬ್ಬಳು ಹುಡುಗಿ ಕಾಫಿ ತಂದುಕೊಟ್ಟಳು’ ಎಂದರು ಝೇವಿಯರ್. ‘ಉಗುರಲ್ಲೆಲ್ಲ ಕಪ್ಪು. ಪಾಪ, ಮಸಿ ಪಾತ್ರೆ ತಿಕ್ಕಿ ತಿಕ್ಕಿ ಹೀಗಾಗಿದೆ ಅಂದುಕೊಂಡೆ. ಇದು ಯಾರು ಅಂತ ಕೇಳಿದೆ. “ವೀಟ್ಟು ಪೊಣ್ಣು” ಅಂದರು ರಾಯರು.’ ಮನೆ ಹುಡುಗಿ. ಅವರು ಅದನ್ನು ಕೆಲಸದ ಹುಡುಗಿ ಎಂದುಕೊಂಡರು. ನನಗೂ ಈಗ ಮಸುಕು ಮಸುಕಾಗಿ ನೆನಪಾಯಿತು. ಯಾರು ಬಂದಿದ್ದರು ಎಂದು ಆಮೇಲೆ ನಾನು ಕೇಳಿದ್ದಕ್ಕೆ ನೀವು, ‘ಯಾರೋ ಪಂಪ್‌ಸೆಟ್ ವಿಚಾರಕ್ಕೆ’ ಎಂದಿದ್ದಿರಿ.

ಝೇವಿಯರ್ ಮತ್ತೊಮ್ಮೆ ನನ್ನ ಕೈ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು. ‘ದೂರಂನಾ… ಕಾಫಿ ಪೋಡಲಾಮಾ, ಅಮ್ಮಾ?’ ಆ ದಿನಗಳಲ್ಲಿ ಕಾಫಿ ಮಾಡಿ ಕೊಡಬಹುದಾ?

‘ಕೂಡಾದು ಸಾರ್’ ಎಂದೆ. ಕೂಡದು. ಎರಡನೇ ಸಲದ ‘ದೂರಂ’ ಸುಳ್ಳು ಎಂದು ಅವರಿಗೂ ನನಗೂ ಒಟ್ಟಿಗೇ ಅರ್ಥವಾಯಿತು. ಈಗ ಅವರ ವರ್ಕ್‌ಶಾಪ್ ಇಲ್ಲ. ಕೆಟ್ಟ ಮೆಷಿನ್ನನ್ನು ಯಾರೂ ರಿಪೇರಿ ಮಾಡಿಸುವುದಿಲ್ಲವಂತೆ, ಎಸೆದು ಹೊಸದು ತರುತ್ತಾರಂತೆ. ನೀನು ಅವತ್ತು ಬಂದಿದ್ದರೆ ಎಂದು ಶುರುಮಾಡಿ, ಬಾಗಿಲ ಕಡೆ ಹೆಜ್ಜೆಹಾಕಿದರು.

ಅವರನ್ನು ಕಳಿಸಿ ಒಳಗೆ ಹೋದೆ. ಮಾಮಿ ನೆಲದ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದರು. ನಿಮ್ಮ ಹೆಂಡತಿಗೆ ಈ ವಯಸ್ಸಿನಲ್ಲಿ ಇದನ್ನು ಹೇಳಬೇಕೋ ಬೇಡವೋ ಎಂದು ಒದ್ದಾಡುತ್ತ ನಿಂತೆ. ಅವರೇ ತಲೆಯೆತ್ತದೆ, ‘ಬಂದಿದ್ದು ಆ ಝೇವಿಯರ್ ತಾನೇ? ಕಾಫಿ ವಿಷಯ ಹೇಳಿದ್ನಾ?’ ಎಂದರು.

‘ನಿಮಗೆ ಗೊತ್ತಿತ್ತಾ ಮಾಮಿ?’

‘ಬಾಗಿಲ ಮರೇಲಿ ನಿಂತಿದ್ದೆ, ಎಲ್ಲಾ ಕೇಳಿಸ್ತು. ನೀನು ಒಳಗೆ ಮಿಕ್ಸಿ ಹಾಕಿದ್ದೆ. ಬಂದವರಿಗೆ ಕಾಫಿ ನಾನೇ ತಗೊಂಡು ಹೋಗೋದು, ಅವತ್ತು ನಿನ್ನ ಕೈಲಿ ಕೊಟ್ಟು ಕಳಿಸ್ದೆ. ನಿನ್ನ ಉಗುರು ನೋಡಿಯಾದ್ರೂ ಆ ಮನುಷ್ಯಂಗೆ ತಿಳೀಲಿ ಅಂತ. ಮಂಕು, ಅವನಿಗೆ ತಿಳೀಲಿಲ್ಲ.’

ಮಾಮಿ! ನನ್ನ ತಟ್ಟೆ ಲೋಟ ಬೇರೆ ಇಟ್ಟ ಮಾಮಿ, ಮೈಯೆಲ್ಲ ಪೆಟ್ರೋಲ್ ನಾತ ಎಂದು ದಿನಾ ಬೈಯುತ್ತಿದ್ದ ಮಾಮಿ. ಯಾಕೆ ನನಗೆ ಹೇಳಲಿಲ್ಲ ಎಂದು ಕೂಗಿದೆ. ‘ಕಟ್ಟಿಕೊಂಡವರ ಮೇಲೆ ಚಾಡಿ ಹೇಳ್ಲಾ? ನಂಗೆ ತೋಚಿದ್ದು ಅಷ್ಟೇ, ಮಾಡಿದ್ದು ಅಷ್ಟೇ’ ಎಂದರು. ಹುರುಳಿಕಾಯಿಯ ನಾರು ಎಳೆಯುತ್ತ ಆಮೇಲೆ ಹೇಳಿದರು. ‘ಅವನು ಹೋದ ಮೇಲೆ ಇವರನ್ನ ಕೇಳ್ದೆ, ಯಾಕ್ರೀ ಹಾಗಂದ್ರಿ ಅಂತ. ‘ನನ್ನ ಕೈ ನಡುಗತ್ತಲ್ಲೇ, ಅವಳೂ ಹೋದ್ರೆ ನಾನು ಶೆಡ್ಡಲ್ಲಿ ಏನು ಮಾಡ್ಲಿ’ ಅಂದ್ರು. ಅತ್ರು.’

ಅಷ್ಟೇನಾ ಮಾಮಾ? ಹುಡುಗಿಯರು ವರ್ಕ್‌ಶಾಪಿಗೆ ಹೋಗಬಾರದು ಎಂದಿದ್ದರೆ ಜಗಳ ಆಡುತ್ತಿದ್ದೆ. ಜನ ಏನಂದಾರು ಎಂದಿದ್ದರೆ ಅಳುತ್ತಿದ್ದೆ. ನಿಮ್ಮ ಸಂಜೆಗೊಂದು ಜೊತೆ ಬೇಕಿತ್ತು, ಅದಕ್ಕೆ ನನ್ನ ಕೈಯನ್ನು ಇಟ್ಟುಕೊಂಡಿರಿ. ಕೇಳಿದ್ದರೆ ಕೊಡುತ್ತಿದ್ದೆನಲ್ಲ? ಆರು ದಿನ ಅಲ್ಲಿ ಕೆಲಸ ಮಾಡಿ ಭಾನುವಾರ ಬರುತ್ತಿರಲಿಲ್ಲವಾ? ಆಡಿಟರ್ ಆಫೀಸಿನಿಂದ ಬಂದೆನಲ್ಲ! ನೀವು ಅತ್ತಿರೆಂದು ಕೇಳಿ ನನಗೆ ಕರುಣೆ ಬರುತ್ತದೆಂದು ಮಾಮಿ ಅಂದುಕೊಂಡರೋ ಏನೋ. ಬರಲಿಲ್ಲ. ಇನ್ನೂ ಸಿಟ್ಟು ಬಂತು. ‘ನನಗೆ ಮಗಳಿದ್ದ ಹಾಗೆ’ ಎಂದು ಎಲ್ಲರ ಮುಂದೆ ಹೇಳುತ್ತಿದ್ದಿರಿ. ಮಗಳಾಗಿದ್ದರೆ ಕಳಿಸುತ್ತಿದ್ದಿರೋ ಏನೋ ಎಂದು ಈಗ ಕೂತು ಯೋಚಿಸುತ್ತೇನೆ.

ಶೆಡ್ಡು ಖಾಲಿಯಾಗಿದೆ. ಎಲ್ಲವನ್ನೂ ಝೇವಿಯರ್ ಗಾಡಿ ತಂದು ಒಯ್ದರು, ದೊಡ್ಡ ಮೆಷಿನ್ನನ್ನೂ ಕೊಟ್ಟುಬಿಟ್ಟೆ. ಬರುವ ತಿಂಗಳು ನಿಮ್ಮ ಶ್ರಾದ್ಧ. ನಿಮ್ಮ ಅಣ್ಣನ ಮಗ ಬಂದು ಪಿಂಡ ಇಡುತ್ತಾನೆ, ಅಮ್ಮ ಹೋಗುತ್ತಾಳೆ. ನಾನು ಬರುವುದಿಲ್ಲ. ಈ ವರ್ಷವೂ ಇಲ್ಲ, ಮುಂದಕ್ಕೂ ಇಲ್ಲ. ಅವತ್ತೇ ಅದನ್ನು ಮಾಮಿಗೆ ಹೇಳುವಾಗ ಅವರು ಬೈಯುತ್ತಾರೆಂದು ಗಟ್ಟಿಮನಸ್ಸು ಮಾಡಿಕೊಂಡು ನಿಂತಿದ್ದೆ. ಅವರು ಸೋಸಿದ ಕಾಯಿಯನ್ನು ಮೊರಕ್ಕೆ ಹಾಕಿ, ನನ್ನ ಕೈ ಹಿಡಿದುಕೊಂಡು ಎದ್ದು ನಿಂತರು.

‘ಬರಬೇಡ’ ಎಂದರು. ‘ನನಗೆ ತಪ್ಪಿಸ್ಕೊಳ್ಳಕ್ಕಾಗಲ್ಲ. ನೀನು ಬರಬೇಡ.’

ವಸುಧಾ